ದೇವದೂತನ ಎಡಗೈ

ನದಿಯಂಚಿನ ಹಳೆಯ ಇಗರ್ಜಿ. ಬಲಿಪೀಠದ ಮೇಲಿನ ಕಮಾನಿನಲ್ಲಿ, ಎರಡೂ ಕೈ ಚಾಚಿ ಹರಸುವ ದೇವದೂತನ ಚಿತ್ರ. ಮಳೆನೀರು ಸೋರಿ ಎಡಗೈ ಅಳಿಸಿಹೋಗಿತ್ತು.

ಅದನ್ನು ಸರಿಪಡಿಸಲು ಬಂದ ಚಿತ್ರಕಾರ ಬಲ್ತಜಾರ ಮೇಸ್ತ್ರಿಗೆ ಮಂಡಿನೋವು, ಬಿದಿರಿನ ಅಟ್ಟ ಹತ್ತುವ ಹಾಗಿರಲಿಲ್ಲ. ಆ ಕೈ ಬರೆಯುವ ಕೆಲಸವನ್ನು ಶಿಷ್ಯೆ ಅಪೊಲಿನ್‌ಗೆ ಬಿಟ್ಟರು. ಅವಳು ಒಬ್ಬಳೇ ಕುಂಚ ಹಿಡಿದದ್ದು ಅದೇ ಮೊದಲು.

ಭಾನುವಾರ ಪಾದ್ರಿಗಳು ನೋಡುವವರಿದ್ದರು. ಕೈ ಸರಿಬಾರದಿದ್ದರೆ ಇಡೀ ಕಮಾನಿಗೆ ಸುಣ್ಣ ಬಳಿಸುವುದೇ ಎಂದು ಮೊದಲೇ ಹೇಳಿಬಿಟ್ಟಿದ್ದರು.

ಅಟ್ಟ ಹತ್ತಿದ ಅಪೊಲಿನ್‌ಗೆ ನಗು ತಡೆಯಲಾಗಲಿಲ್ಲ. ಉಳಿದಿದ್ದ ಬಲಗೈಯ ಬೆರಳುಗಳು ನುಗ್ಗೆಕಾಯಿಯ ಹಾಗೆ ಉದ್ದುದ್ದ! ಬರೆದ ಪುಣ್ಯಾತ್ಮನಿಗೆ ಅಳತೆಯೇ ಗೊತ್ತಿರಲಿಲ್ಲ ಎಂದುಕೊಂಡಳು. ಮೂರು ದಿನ ಕೂತು, ಮುಖಕ್ಕೆ ತಕ್ಕ ಅಳತೆಯಲ್ಲಿ ಎಡಗೈಯನ್ನು ಅಂದವಾಗಿ ಬರೆದಳು.

"ಮುಗೀತು ಮೇಸ್ತ್ರಿಗಳೇ. ಆ ಬಲಗೈಯನ್ನೂ ತಿದ್ದಿಬಿಡ್ಲಾ?"

ಮೇಸ್ತ್ರಿ ಕೈಸನ್ನೆ ಮಾಡಿ ಅವಳನ್ನು ಕೆಳಗಿಳಿಸಿದರು. ಅವಳನ್ನು ಬಾಗಿಲ ಬಳಿಯ ಕಡೆಯ ಬೆಂಚಿಗೆ ಕರೆದೊಯ್ದರು.

"ಮೊಣಕಾಲೂರಿ ನೋಡು."

ನೋಡಿದಳು. ಬಲಗೈ ನೇರ ಅವಳ ಕಡೆಗೇ ಬಾಗಿತ್ತು. ಎಡಗೈ ಮಾತ್ರ ಕೂಸಿನ ಕೈಯಷ್ಟಾಗಿ ಗೋಡೆಗೆ ಅಂಟಿಕೊಂಡಿತ್ತು.

"ಎಲ್ಲಿ ನಿಂತು ಬರೆದದ್ದು?" ಎಂದರು ಮೇಸ್ತ್ರಿ.

"ಅಲ್ಲೇ, ದೇವದೂತನ ಪಕ್ಕ."

"ಅಲ್ಲಿ ನಿಂತು ಪ್ರಾರ್ಥನೆ ಮಾಡುವವರು ಈ ಊರಲ್ಲಿ ಯಾರುಂಟು ಮಾರಾಯ್ತಿ?"

ಅಪೊಲಿನ್‌ಗೆ ಅಳು ಉಕ್ಕಿ ಬಂತು. "ಕೆರೆದು ಮತ್ತೆ ಬರೀಬಹುದು. ಆದ್ರೆ ಅಲ್ಲಿ ಮೇಲಿದ್ದರೆ ಇಲ್ಲಿಂದ ಹೇಗೆ ಕಾಣ್ತದೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ನಾಳೆಯೇ ಶನಿವಾರ. ನನ್ನಿಂದ ಆಗೋದಿಲ್ಲ ಮೇಸ್ತ್ರಿಗಳೇ."

ಮರುದಿನ ಬೆಳಿಗ್ಗೆ ಮೇಸ್ತ್ರಿ ಅದೇ ಬೆಂಚನ್ನು ಹಿಡಿದು, ನರಳುತ್ತ, ಆ ಕೆಟ್ಟ ಮಂಡಿಗಳನ್ನೇ ಊರಿದರು.

"ನೀನು ಹತ್ತು. ನಾನು ಇಲ್ಲಿರ್ತೇನೆ."

ಅಪೊಲಿನ್ ತಾನು ಬರೆದ ಕೈಯನ್ನು ಕೆರೆದು ತೆಗೆದಳು. ಇದ್ದಿಲು ಹಿಡಿದು ಹೊಸ ಬೆರಳೆಳೆದಳು.

"ಇನ್ನೂ ಉದ್ದ," ಎಂದರು ಕೆಳಗಿನಿಂದ ಮೇಸ್ತ್ರಿ.

ಎಳೆದಳು.

"ಇನ್ನೂ."

ಹಲ್ಲು ಕಚ್ಚಿ ಎಳೆದಳು. ಒಂದೊಂದು ಬೆರಳೂ ಅವಳ ಕಣ್ಣಿಗೆ ಚುಚ್ಚುತ್ತಿತ್ತು. ಮಧ್ಯಾಹ್ನ ಕಳೆಯಿತು, ಬಣ್ಣ ತುಂಬಿದ್ದೂ ಆಯಿತು. ಮೇಸ್ತ್ರಿ ಒಮ್ಮೆಯೂ ಎದ್ದಿರಲಿಲ್ಲ.

"ಇಲ್ಲಿಂದ ತೀರಾ ವಿಕಾರ ಕಾಣ್ತದೆ ಮೇಸ್ತ್ರಿಗಳೇ!" ಅಪೊಲಿನ್ ಕೂಗಿ ಕೇಳಿದಳು. "ಸಾಕಾ?"

ಕೆಳಗೆ ಮೇಸ್ತ್ರಿ ಕತ್ತೆತ್ತಿ ಎರಡೂ ಕೈಗಳನ್ನು ನೋಡಿದರು.

"ಸಾಕು ಮಗಾ, ಇಳಿದು ಬಾ. ಕೈ ಕಡೆಯ ಬೆಂಚಿನ ತನಕ ಮುಟ್ಟಿತು."