ಎಲ್ಲ ಹಾಡಿಗೂ ಕೊನೆಯ ಸ್ಥಾನ

ಹೊಳೆ ದಂಡೆಯ ಮೇಲಿದ್ದ ಅಡವಯ್ಯ ಗುರುಗಳ ಆಶ್ರಮದಲ್ಲಿ ವರ್ಷಕ್ಕೊಂದು ಸಲ ಹಾಡಿನ ಪಂದ್ಯ ನಡೆಯುತ್ತಿತ್ತು.

ಶಿಷ್ಯರು ತಾವೇ ಹಾಡಬೇಕಾಗಿರಲಿಲ್ಲ. ಎಲ್ಲೋ ಕೇಳಿ ಮನಸ್ಸಿಗೆ ಹತ್ತಿರವಾದ ಒಂದು ಹಾಡನ್ನು ಆರಿಸಿ, ಆಶ್ರಮದ ಹಾಡುಗಾರ ಬೋರಣ್ಣನ ಕಿವಿಯಲ್ಲಿ ಹೇಳಿಬಿಟ್ಟರೆ ಸಾಕು. ಬೋರಣ್ಣ ಕೊಟ್ಟಿಗೆಯ ಗೋಡೆಯ ಹಿಂದೆ ನಿಂತು ಎಲ್ಲರ ಹಾಡನ್ನೂ ತಾನೊಬ್ಬನೇ ಹಾಡುತ್ತಿದ್ದ. ಯಾವ ಹಾಡು ಯಾರು ತಂದದ್ದು ಎಂದು ತೀರ್ಪು ಕೊಡುವವರಿಗೆ ತಿಳಿಯಬಾರದಲ್ಲ, ಅದಕ್ಕೆ.

ಮೊದಲ ಸ್ಥಾನ ಸಿಕ್ಕ ಹಾಡನ್ನು ಮುಂದಿನ ಪಂದ್ಯದವರೆಗೆ ದಿನಾ ಬೆಳಗಿನ ಜಾವ ಹಾಡುವುದು ಪದ್ಧತಿ.

ತೀರ್ಪು ಯಾವಾಗಲೂ ಗುರುಗಳದೇ. ಆ ವರ್ಷ ಮಾತ್ರ, ಹಾಡುಗಳೆಲ್ಲ ಬೋರಣ್ಣನ ಕಿವಿ ಸೇರಿದ ಮೇಲೆ, ಗುರುಗಳು ಶಿಷ್ಯೆ ಮಲ್ಲಾಜಮ್ಮನನ್ನು ಕರೆದು ತಮ್ಮ ಜಾಗದಲ್ಲಿ ಕೂರಿಸಿದರು. ತಾವು ಹೋಗಿ ಶಿಷ್ಯರ ನಡುವೆ ಕೂತರು.

ಮಲ್ಲಾಜಮ್ಮ ಕುಂಬಾರರ ಮನೆಯ ಮಗಳು. ಗಂಡನ ಮನೆಯ ಹೊಸಿಲು ಇನ್ನು ತುಳಿಯುವುದಿಲ್ಲ ಎಂದು ಹೊರಟು ಬಂದವಳು. ತವರಿನಲ್ಲಿ ಅವ್ವನೂ ತೀರಿಹೋಗಿದ್ದಳು. ಆಶ್ರಮ ಬಿಟ್ಟರೆ ಅವಳಿಗೆ ಬೇರೆ ನೆಲೆ ಇರಲಿಲ್ಲ. ಬಾಯಿ ಮಾತ್ರ ಜೋರು.

ಇವಳೇ ಯಾಕೆ ಎಂದು ಹಿರಿಯ ಶಿಷ್ಯ ಶಂಭುಲಿಂಗಯ್ಯ ಮುಖ ಸಿಂಡರಿಸಿದ. ಗುರುಗಳು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಬೋರಣ್ಣ ಶುರು ಮಾಡಿದ. ಒಂದು ಹಾಡು ಜೀವವನ್ನು ನೀರಗುಳ್ಳೆ ಎಂದಿತು. ಇನ್ನೊಂದು ದೇಹವನ್ನು ಹರಕು ಅಂಗಿ ಎಂದಿತು. ಮತ್ತೊಂದು, ಎಲ್ಲ ನಿನ್ನದೇ, ನನ್ನದೆಂಬುದು ಏನೂ ಇಲ್ಲ ಎಂದಿತು. ಎಲ್ಲಕ್ಕೂ ಅದೇ ನಿಧಾನ, ಅದೇ ತಗ್ಗಿದ ದನಿ. ಗುರುಗಳಿಗೆ ಎಂಥ ಹಾಡು ಹಿಡಿಸುತ್ತದೆ ಎಂಬುದು ಕೊಟ್ಟಿಗೆಯ ಹಸುವಿಗೂ ಗೊತ್ತಿತ್ತು.

ಕೇಳುತ್ತಾ ಕೇಳುತ್ತಾ ಮಲ್ಲಾಜಮ್ಮನಿಗೆ ಸಿಟ್ಟು ಬಂತು. ಎದುರಿಗಿದ್ದವರೆಲ್ಲ ಅವಳ ಜೊತೆಗಾರರೇ. ದೋಣಿ ಹತ್ತಿದರೆ ಸಾಕು, ಕುಣಿಸುವ ಹಾಡು ಹೇಳುತ್ತಿದ್ದ ಸಣ್ಣೀರ ಅಲ್ಲೇ ಕೂತಿದ್ದ. ಅವನ ಹಾಡು ಎಲ್ಲಿ ಹೋಯಿತು? ಬಟ್ಟೆ ಒಗೆಯುವಾಗ ಗೋಪಿಯರ ಜಗಳದ ಹಾಡು ಹೇಳಿ ಎಲ್ಲರನ್ನೂ ನಗಿಸುತ್ತಿದ್ದ ಪುಟ್ಟತಾಯಿಯೂ ಇದ್ದಳು. ಅವಳದೆಲ್ಲಿ?

ಅಷ್ಟರಲ್ಲಿ ಬೋರಣ್ಣ ಇನ್ನೊಂದು ಎತ್ತಿಕೊಂಡ. ಎರಡನೆಯ ಸಾಲಿಗೆ ಬರುವ ತನಕ ಅದು ತಾನೇ ಹೇಳಿಕೊಟ್ಟ ಹಾಡೆಂದು ಮಲ್ಲಾಜಮ್ಮನಿಗೆ ಗೊತ್ತಾಗಲಿಲ್ಲ. ಗೊತ್ತಾದಾಗ ಅವಳಿಗೆ ಕೂತಲ್ಲೇ ನಾಚಿಕೆಯಾಯಿತು.

ಹಾಡುಗಳೆಲ್ಲ ಮುಗಿದವು. ಅವಳು ಎದ್ದು ನಿಂತಳು.

"ಎಲ್ಲಾ ಹಾಡಿಗೂ ಕೊನೇ ಸ್ಥಾನ. ಮೊದಲನೇದು ಯಾವುದೂ ಇಲ್ಲ."

ಅಂಗಳದಲ್ಲಿ ಗುಜುಗುಜು ಎದ್ದಿತು. ಹಿಂದಿನಿಂದ ಬಂದ ಪದ್ಧತಿಗೆ ಇವಳು ಮಣ್ಣು ಹಾಕಿದಳು ಎಂದ ಶಂಭುಲಿಂಗಯ್ಯ. ಯಾವುದಾದರೊಂದನ್ನು ಆರಿಸಿ ಮೊದಲು ಮಾಡಬೇಕು, ಆಗದಿದ್ದರೆ ಈಗಲೇ ಗಂಟು ಕಟ್ಟಬೇಕು ಎಂದು ಕಡ್ಡಿ ಮುರಿದ ಹಾಗೆ ಹೇಳಿದ. ಗುರುಗಳು ಬೇಡ ಎನ್ನಲಿಲ್ಲ.

ಮಲ್ಲಾಜಮ್ಮ ಹೊಳೆಯ ಕಡೆ ಒಮ್ಮೆ ನೋಡಿದಳು. ಹೋಗುವುದೆಂದರೆ ಎಲ್ಲಿಗೆ? ಆದರೂ ದನಿ ಇಳಿಯಲಿಲ್ಲ.

"ಗಂಟು ಕಟ್ಟೋದು ನನಗೇನು ಹೊಸದಲ್ಲ ಕಣಣ್ಣಯ್ಯ. ಬೇಕಾದ್ರೆ ಹೋಗ್ತೀನಿ. ಮೊದಲನೇದು ಮಾತ್ರ ಇಲ್ಲ."

"ನಿನ್ನ ಹಾಡೂ ಅದರಲ್ಲಿ ಇದೆಯಲ್ಲ?" ಎಂದ ಶಂಭುಲಿಂಗಯ್ಯ.

"ಇದೆ. ಅದೂ ಕೊನೇದೇ. ನಾನೂ ನಿಮ್ಮ ಹಾಗೇ ಗುರುಗಳ ಮುಖ ನೋಡ್ಕೊಂಡು ಹಾಡು ತಂದೆ."

ಸಣ್ಣೀರ ತಲೆ ತಗ್ಗಿಸಿದ. ಆಗ ಗುರುಗಳು ಕೂತಲ್ಲಿಂದಲೇ ಕೇಳಿದರು.

"ಬೋರಣ್ಣನ ಕಿವೀಲಿ ಹೇಳದೆ ಬಿಟ್ಟ ಹಾಡು ಯಾವುದವ್ವ?"

ಶಂಭುಲಿಂಗಯ್ಯನ ಮಾತಿಗೆ ಹೆದರದವಳು ಈ ಮಾತಿಗೆ ಹೆದರಿದಳು.

"ಅದು ಇಲ್ಲಿಗೆ ಹೊಂದೋ ಹಾಡಲ್ಲ ಅಯ್ಯಾ. ನಮ್ಮವ್ವ ಮಡಕೆ ಮಣ್ಣು ತುಳಿಯೋವಾಗ ಬಯ್ಕೊಂಡು ಹೇಳ್ತಿದ್ದದ್ದು."

"ಯಾರನ್ನ ಬಯ್ತಿದ್ದಳು?"

"ಎಲ್ಲರನ್ನೂ. ಕೊನೆಗೆ ದೇವರನ್ನೂ."

ಶಂಭುಲಿಂಗಯ್ಯ ಎರಡೂ ಕಿವಿ ಮುಚ್ಚಿಕೊಂಡ.

ಗುರುಗಳು ಎದ್ದರು. ಜಗಲಿಯ ಮೇಲಿದ್ದ ಕೊಡವನ್ನು ಎತ್ತಿ ತಂದು, ಗುಡಿಸಿ ಸಾರಿಸಿದ್ದ ಅಂಗಳದ ನಡುವೆ ಅಷ್ಟೂ ನೀರನ್ನು ಸುರಿದರು. ಸಾರಣೆ ಕದಡಿ ಕೆಸರಾಯಿತು.

"ತುಳಿ," ಎಂದರು.

ಮಲ್ಲಾಜಮ್ಮ ಒಂದು ಗಳಿಗೆ ಅವರ ಮುಖ ನೋಡಿದಳು. ಅಲ್ಲಿ ಒಪ್ಪಿಗೆಯೂ ಕಾಣಲಿಲ್ಲ, ಬೇಸರವೂ ಕಾಣಲಿಲ್ಲ. ನೋಡುವುದನ್ನು ಬಿಟ್ಟಳು. ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದಳು.

ಅತ್ತೆಯನ್ನು ಬಯ್ದಳು. ಊರ ಗೌಡನನ್ನು ಬಯ್ದಳು. ಕುಡಿದು ಬರುವ ಗಂಡನನ್ನು ಹೆಸರು ಹಿಡಿದು ಬಯ್ದಳು. ಒಂದೊಂದು ಬೈಗುಳಕ್ಕೂ ಕಾಲು ಧೊಪ್ಪೆಂದು ಬಿತ್ತು, ಕೆಸರು ಹಾರಿ ಮುಂದೆ ಕೂತವರ ಮೇಲೆ ಬಿತ್ತು. ಅವ್ವ ನೆನಪಾದಳು. ಆದರೂ ನಿಲ್ಲಿಸಲಿಲ್ಲ.

"ಬಿಡೆನೋ ಮಣ್ಣೇ, ಗಡಿಗೆ ಆಗೋಗಂಟ ಬಿಡೆನೋ,
ಬಿಡೆನೋ ಶಿವನೇ, ಬಾಯಿ ಬಿಡೋಗಂಟ ಬಿಡೆನೋ."

ಕೊಟ್ಟಿಗೆಯ ಹಿಂದಿದ್ದ ಬೋರಣ್ಣ ಈಚೆಗೆ ಬಂದು ನಿಂತಿದ್ದ. ಸಣ್ಣೀರನ ಕಾಲು ತಾನೇ ತಾಳ ಹಾಕುತ್ತಿತ್ತು. ಪುಟ್ಟತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಹಾಡು ಮುಗಿಯಿತು. ಮಲ್ಲಾಜಮ್ಮ ಏದುಸಿರು ಬಿಡುತ್ತಾ ಕೆಸರಲ್ಲೇ ನಿಂತಳು.

ಶಂಭುಲಿಂಗಯ್ಯ ಕಿವಿಯಿಂದ ಕೈ ತೆಗೆದ. ಇದಕ್ಕೂ ಒಂದು ಸ್ಥಾನ ಉಂಟೇ ಎಂದು ಗುರುಗಳನ್ನು ಕೇಳಿದ.

ಗುರುಗಳು ಗಡ್ಡಕ್ಕೆ ಸಿಡಿದಿದ್ದ ಕೆಸರನ್ನು ಬೆರಳಿನಿಂದ ತೆಗೆದರು.

"ನನಗಂತೂ ಈ ಹಾಡು ಹಿಡಿಸಲಿಲ್ಲ," ಎಂದರು.

ಶಂಭುಲಿಂಗಯ್ಯನ ಮುಖ ಅರಳಿತು. ಉಳಿದವರ ಮುಖ ಬಾಡಿತು. ಮಲ್ಲಾಜಮ್ಮ ಮಾತ್ರ ತಲೆ ತಗ್ಗಿಸಲಿಲ್ಲ.

"ಹಿಡಿಸದಿದ್ರೆ ಬಿಡಿ ಅಯ್ಯಾ. ನನ್ನ ಹಾಡು ಇದೇ."

"ಹಾಗಾದ್ರೆ ನಾಳೆ ಬೆಳಗಿನ ಜಾವ ಇದನ್ನೇ ಹಾಡವ್ವ. ಹಿಡಿಸಿದ ಹಾಡನ್ನೇ ಕೇಳ್ತಾ ಕೇಳ್ತಾ ನನಗೆ ನಿದ್ದೆ ಹತ್ತಿಬಿಟ್ಟಿತ್ತು."