ದುರುಗಪ್ಪನ ಹೊಳೆಗೊಂದು ಕಂಪ್ಯೂಟರ್

ತುಂಗಭದ್ರೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿನ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಬೆಳಿಗ್ಗೆ ಅವರು ಪಾಠ ಹೇಳುತ್ತಿದ್ದರು, ಮಧ್ಯಾಹ್ನ ಕಂಪ್ಯೂಟರ್ ಜೋಡಿಸುತ್ತಿದ್ದರು. ಎರಡಕ್ಕೂ ಒಂದೇ ಚಾಪೆ.

ಶಿಷ್ಯ ಕೊಟ್ರೇಶನ ಆಸೆಯೆಲ್ಲ ಮಧ್ಯಾಹ್ನದ ಮೇಲೆ. ಆರು ವರ್ಷದಲ್ಲಿ ಅವನ ಕೈ ಚುರುಕಾಗಿತ್ತು. ಪರದೆಯ ಮೇಲೆ ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡುಗಳ ಹೆಸರನ್ನು ಸಹಸ್ರನಾಮದ ಹಾಗೆ ಒದರುತ್ತಿದ್ದ. ನಾಲಿಗೆಯೂ ಅಷ್ಟೇ ಚುರುಕು, ಅದೇ ತೊಂದರೆ.

ಒಂದು ದಿನ ಅಂಬಿಗರ ಹುಲಿಗೆವ್ವ ಬಂದಳು. ಸೆರಗಿನ ಗಂಟು ಬಿಚ್ಚಿ ಒಂದು ಪೊಟ್ಟಣವನ್ನು ಅಜ್ಜಾರ ಮುಂದಿಟ್ಟಳು.

"ನಲವತ್ತು ಸಾವಿರ ಐತ್ರಿ ಅಜ್ಜಾರ. ಸೇತುವಿ ಆದಮ್ಯಾಲೆ ಅಪ್ಪಗ ಬಂದ ಪರಿಹಾರ. ಅಂವ ಇದನ್ನ ಮುಟ್ಟಿಲ್ಲ. ಇದರಾಗ ಆಟ ಆಡೋ ಕಂಪ್ಯೂಟರ್ ಒಂದು ಆಗಬೇಕ್ರಿ."

"ಯಾರಿಗವ್ವಾ?"

"ಅಪ್ಪಗರಿ."

ಕೊಟ್ರೇಶನಿಗೆ ನಗು ಬಂತು. ತುಟಿ ಕಚ್ಚಿ ತಡೆದುಕೊಂಡ.

ದುರುಗಪ್ಪನನ್ನು ಅರಿಯದವರು ಆ ದಂಡೆಯಲ್ಲಿ ಯಾರಿದ್ದರು? ಐವತ್ತು ವರ್ಷ ಹರಿಗೋಲು ಹಾಕಿದವನು. ಸೇತುವೆ ಬಂತು, ಹರಿಗೋಲು ದಂಡೆಗೆ ಬಿತ್ತು. ಅದೇ ವರ್ಷ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಆಮೇಲೆ ಹಾಸಿಗೆಯೇ ಗತಿ.

"ಊಟ ಬಿಟ್ಟಾನ್ರಿ. ಮಾತು ಬಿಟ್ಟಾನ. ದಿನಾ ಗ್ವಾಡಿ ನೋಡ್ಕೋತ ಮಲಗತಾನ" ಎಂದಳು ಹುಲಿಗೆವ್ವ. "ಡಾಕ್ಟರು ರೋಗ ಏನಿಲ್ಲ, ಬದುಕೋ ಮನಸ್ಸಿಲ್ಲ ಅಂದ್ರು. ಮೊನ್ನೆ ನನ್ನ ಮೊಬೈಲ್‌ನ್ಯಾಗ ದೋಣಿ ಆಟ ತೋರಿಸಿದೆ. ನಾಕು ತಿಂಗಳಿಗೆ ಒಂದು ಮಾತು ಆಡಿದ."

"ಏನಂದ?"

"'ನೀರು ಹಿಂಗ ಹರಿಯಂಗಿಲ್ಲ' ಅಂದ. ಮತ್ತ ಗ್ವಾಡಿ ಕಡೆ ತಿರುಗಿದ."

ಅಜ್ಜಾರು ಪೊಟ್ಟಣವನ್ನು ಕೊಟ್ರೇಶನ ಕೈಗಿಟ್ಟರು.

"ಇದು ನಿನ್ನ ಕೆಲಸ. ಇನ್ನೊಮ್ಮೆ ಕೊಡಾಕ ಆಕಿ ಹತ್ರ ಏನೂ ಇಲ್ಲ, ತಿಳಕೋ."

ಸಂಜೆಯೊಳಗೆ ಕೊಟ್ರೇಶ ಪಟ್ಟಿ ಬರೆದು ತಂದ. ಹೊಸ ಪ್ರೊಸೆಸರ್. ಗಾಜಿನ ಪೆಟ್ಟಿಗೆ, ಅದರೊಳಗೆ ಏಳು ಬಣ್ಣದ ದೀಪ. ಮಿನುಗುವ ರ‍್ಯಾಮ್. ಗ್ರಾಫಿಕ್ಸ್ ಕಾರ್ಡಿಗೆ ಅಳಿದುಳಿದದ್ದು.

ಅಜ್ಜಾರು ಓದಿದರು. "ಇದು ಯಾರಿಗೆ?"

"ದುರುಗಪ್ಪಗರಿ."

"ಮದುವಿ ಮನಿ ಚಪ್ಪರಕ್ಕೇನೋ ಅನ್ಕೊಂಡೆ."

ಕೊಟ್ರೇಶನ ಮುಖ ಸಪ್ಪಗಾಯಿತು.

"ಹೋಗು, ಅಂವನ್ನ ಕೇಳ್ಕೊಂಡು ಬಾ" ಎಂದರು ಅಜ್ಜಾರು.

"ಅಂವಗ ಪ್ರೊಸೆಸರ್ ಅಂದ್ರ ಏನು ಗೊತ್ತಿರತೈತ್ರಿ ಅಜ್ಜಾರ? ಅದೂ ಅಲ್ಲದ ಮಾತ ಆಡಂಗಿಲ್ಲ."

"ಕಂಪ್ಯೂಟರ್ ಸುದ್ದಿ ತಗೀಬ್ಯಾಡ. ಹರಿಗೋಲು ಕೇಳು."

ಕೊಟ್ರೇಶ ಗೊಣಗುತ್ತಲೇ ಹೋದ. ಹಾಸಿಗೆಯಲ್ಲಿ ಮುದುಕ ಬೆನ್ನು ಮಾಡಿ ಮಲಗಿದ್ದ. ಆ ಬೆನ್ನನ್ನು ಕಂಡು ಕೊಟ್ರೇಶನ ಗೊಣಗಾಟ ನಿಂತಿತು. ಇಷ್ಟಗಲದ ಬೆನ್ನು, ಈಗ ಎಲುಬು ಎಣಿಸುವಂತಾಗಿತ್ತು.

"ಯಜ್ಜಾ," ಅಂದ, "ಹೊಳಿ ತುಂಬಿ ಬಂದೈತಿ. ದಂಡಿ ಮ್ಯಾಲೆ ಮಂದಿ ಭಾಳ, ಹರಿಗೋಲು ಸಣ್ಣದು. ಆವಾಗ ಹೆಂಗ ಮಾಡ್ತಿದ್ದಿ?"

ಹುಲಿಗೆವ್ವ ಒಲೆಯ ಮುಂದೆ ಕೈ ನಿಲ್ಲಿಸಿ ಕಾದಳು. ಕೊಟ್ರೇಶ ಇನ್ನೇನು ಏಳಬೇಕು, ಗೋಡೆಯ ಕಡೆಯಿಂದ ಒಡಕು ದನಿ ಬಂತು.

"ಯಾರು ದಾಟಾಕಬೇಕು, ಅವರನ್ನ ನೋಡ್ತಿದ್ದೆ."

"ಉಳಿದವರು?"

"ಒಮ್ಮಿ ಹೆರಿಗಿ ಬ್ಯಾನಿ ತಿನ್ನೋ ಹೆಣಮಗಳು ಬಂದಳು. ಆಡು ಇಳಿಸಿದೆ. ಸಾವ್ಕಾರನ್ನ ಇಳಿಸಿದೆ. ಪೂಜಾರಿನೂ ಇಳಿಸಿದೆ. ಬಾಯಿಗೆ ಬಂದಂಗ ಬೈದ ಪೂಜಾರಿ" ಅಂದ.

ಕೊಟ್ರೇಶ ಓಡುತ್ತಲೇ ಆಶ್ರಮಕ್ಕೆ ಬಂದ.

ಹೊಸ ಪಟ್ಟಿಯಲ್ಲಿ ದೀಪಗಳು ಇಳಿದಿದ್ದವು. ಗಾಜು ಇಳಿದು ತಗಡಿನ ಪೆಟ್ಟಿಗೆ ಬಂದಿತ್ತು. ಪ್ರೊಸೆಸರ್ ಹಳೆಯದು, ಯಾರೋ ಬಳಸಿ ಬಿಟ್ಟದ್ದು, ಆದರೆ ಗಟ್ಟಿ. ದುಡ್ಡೆಲ್ಲ ಗ್ರಾಫಿಕ್ಸ್ ಕಾರ್ಡಿಗೆ.

"ಆಟದಾಗ ಕಲ್ಲು ಬರಿಯೋದು ಸುಲಭರಿ, ಗಿಡಾನೂ ಸುಲಭ" ಎಂದ. "ನೀರು ಬರಿಯಾಕ ಮಾತ್ರ ಕಾರ್ಡು ಬೆವರು ಸುರಿಸಬೇಕು. ದಾಟಬೇಕಾದ್ದು ನೀರು."

ಅಜ್ಜಾರು ಕೊನೆಯ ಸಾಲಿನ ತನಕ ಓದಿದರು. ಕಾಗದ ಮಡಚಿ ಕೊಟ್ಟರು.

ಕೊನೆಯ ಸಾಲಿನಲ್ಲಿ ಪವರ್ ಸಪ್ಲೈ ಇತ್ತು, ಎಲ್ಲ ಭಾಗಗಳಿಗೂ ಕರೆಂಟು ಹಂಚುವ ಡಬ್ಬಿ. ಹೆಸರಿಲ್ಲದ್ದು, ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು. ಕಾರ್ಡಿಗೆ ದುಡ್ಡು ಸಾಲದೆ ಅಲ್ಲೊಂದಿಷ್ಟು ಉಳಿಸಿದ್ದ. ಅದನ್ನು ಯಾರು ನೋಡುತ್ತಾರೆ?

ವಾರದ ಮೇಲೆ ಕಂಪ್ಯೂಟರ್ ದುರುಗಪ್ಪನ ಮನೆಗೆ ಹೋಯಿತು. ಅಜ್ಜಾರೂ ಚೀಲ ಹೆಗಲಿಗೆ ಹಾಕಿಕೊಂಡು ಬಂದು, ಹುಲಿಗೆವ್ವ ಹಾಸಿದ ಚಾಪೆಯ ಮೇಲೆ ಕೂತರು. ಮುದುಕ ಹೊರಳಲೊಲ್ಲ, ಅವನು ನೋಡುವ ಗೋಡೆಗೇ ಕೊಟ್ರೇಶ ಪರದೆಯನ್ನು ಆನಿಸಿಟ್ಟ.

ಗುಂಡಿ ಒತ್ತಿದ. ಪರದೆಯ ತುಂಬ ಹೊಳೆ ಬಂತು.

ಮುದುಕನ ಕಣ್ಣು ಅಗಲವಾದವು. ಹೊದಿಕೆಯ ಮೇಲೆ ಬೆರಳು ಆಡಿದವು. ಆಟದೊಳಗೆ ಮೋಡ ಕವಿಯಿತು, ನೀರು ಕೆಂಪಾಗಿ ಏರಿತು, ಕಾರ್ಡಿನ ಫ್ಯಾನು ಜೋರಾಗಿ ತಿರುಗಿತು.

ಫಟ್ ಅಂತ ಎಲ್ಲ ಆರಿಹೋಯಿತು.

ಕಪ್ಪು ಪರದೆ. ಸುಟ್ಟ ವಾಸನೆ.

"ಹೋತು" ಅಂದ ಮುದುಕ. ಕಣ್ಣು ಮುಚ್ಚಿದ.

ಹುಲಿಗೆವ್ವ ಬೈಯಲಿಲ್ಲ, ಅಳಲೂ ಇಲ್ಲ, ಕೊಟ್ರೇಶನನ್ನೇ ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ತಪ್ಪು ನಂದರಿ ಅಜ್ಜಾರ" ಎಂದ. "ಪವರ್ ಸಪ್ಲೈದಾಗ ಉಳಿಸಿದೆ. ಕಣ್ಣಿಗೆ ಕಾಣೋದಲ್ಲ, ನಡೀತೈತಿ ಅನ್ಕೊಂಡೆ."

"ಹೊಳಿ ಏರಿದಾಗ ಕಾರ್ಡು ಕೇಳಿತು. ಆ ಡಬ್ಬಿ ಹತ್ರ ಕೊಡಾಕ ಇರಲಿಲ್ಲ" ಎಂದರು ಅಜ್ಜಾರು. ಚೀಲದಿಂದ ಒಂದು ಭಾರವಾದ ಡಬ್ಬಿ ತೆಗೆದು ಚಾಪೆಯ ಮೇಲಿಟ್ಟರು.

ಕೊಟ್ರೇಶನಿಗೆ ಕೂಡಲೇ ಗುರುತು ಸಿಕ್ಕಿತು. ಅಜ್ಜಾರ ಸ್ವಂತ ಕಂಪ್ಯೂಟರಿನ ಪವರ್ ಸಪ್ಲೈ.

"ಇದು ನಿಮ್ಮದರಿ! ನಾಳೆ ನಿಮ್ಮ ಕೆಲಸ..."

"ಸ್ಕ್ರೂ ಬಿಚ್ಚು."

ಅವನು ಬಿಚ್ಚಿದ. ಒಂದು ಸ್ಕ್ರೂ ಮಂಚದ ಕೆಳಗೆ ಉರುಳಿತು. ಹುಲಿಗೆವ್ವ ಬಗ್ಗಿ ಹುಡುಕಿ ಕೊಟ್ಟಳು. ಸುಟ್ಟ ಡಬ್ಬಿ ಇಳಿಯಿತು, ಅಜ್ಜಾರದ್ದು ಕೂತಿತು. ಒಂದೊಂದೇ ವೈರು ಜೋಡಿಸುತ್ತ ಕೊಟ್ರೇಶ ಜೀವಮಾನದಲ್ಲಿ ಮೊದಲ ಸಲ ಒಂದು ಮಾತೂ ಆಡಲಿಲ್ಲ. ಕಾರ್ಡು ಉಳಿದಿದೆಯೋ ಇಲ್ಲವೋ ದೇವರೇ ಬಲ್ಲ.

ಗುಂಡಿ ಒತ್ತಿದ.

ಹೊಳೆ ಬಂತು. ಮೋಡ ಕವಿಯಿತು. ನೀರು ಏರಿತು, ಇನ್ನೂ ಏರಿತು, ನಿಲ್ಲಲಿಲ್ಲ. ಬೆಳಕು ಅಲೆಯಿಂದ ಅಲೆಗೆ ಒಡೆದು ಹರಿಯಿತು. ಒಂದೊಂದು ಅಲೆಯೂ ಕಾರ್ಡು ಮಾಡಿದ ಲೆಕ್ಕ ಎಂದು ಕೊಟ್ರೇಶನಿಗೆ ಗೊತ್ತಿತ್ತು. ಗೊತ್ತಿದ್ದೂ ಮೈ ಜುಮ್ಮೆಂದಿತು. ನಾನು ಆರಿಸಿ ತಂದ ತಗಡು ತಂತಿಯೊಳಗೆ ಇಷ್ಟು ನೀರು ಎಲ್ಲಿತ್ತು ಅನ್ನಿಸಿತು.

"ಎಬ್ಬಿಸು" ಅಂದ ದುರುಗಪ್ಪ.

ಹುಲಿಗೆವ್ವ ದಿಂಬು ಕೊಟ್ಟು ಕೂರಿಸಿದಳು. ಕೊಟ್ರೇಶ ಆಡುವ ಕಂಟ್ರೋಲರನ್ನು ಆ ಒರಟು ಕೈಗಳಲ್ಲಿಟ್ಟು, ಯಾವುದನ್ನು ಒತ್ತಿದರೆ ದೋಣಿ ಎತ್ತ ಹೋಗುತ್ತದೆಂದು ತೋರಿಸಿದ. ಮುದುಕ ಎರಡು ಸಲ ದಂಡೆಗೆ ಗುದ್ದಿದ. ಮೂರನೆಯ ಸಲ ದೋಣಿ ನಡುನೀರಿಗೆ ಬಿತ್ತು.

"ಎಡಕ್ಕ ಸುಳಿ ಐತಿ" ಅಂದ.

ಕೊಟ್ರೇಶ ನೋಡಿದ. ಎಡಕ್ಕೆ ನೀರು ನುಣ್ಣಗಿತ್ತು. ಸುಳಿಯ ಸುಳಿವೇ ಇಲ್ಲ.

ಮುದುಕ ದೋಣಿಯನ್ನು ಬಲಕ್ಕೆ ಎಳೆದ. ಅದು ದಾಟಿದ ಮೇಲೆ, ಎಡಗಡೆಯ ಆ ನುಣುಪು ನೀರು ಮೆಲ್ಲಗೆ ತಿರುಗಿತು, ಕುಸಿಯಿತು, ಬಾಯಿ ತೆರೆಯಿತು. ತೇಲಿ ಬಂದ ಮರವೊಂದನ್ನು ಇಡಿಯಾಗಿ ನುಂಗಿತು.

ಆಟ ಮಾಡಿದವರು ಯಾವ ದೇಶದವರೋ. ತುಂಗಭದ್ರೆಯನ್ನು ಕನಸಿನಲ್ಲೂ ಕಂಡವರಲ್ಲ.

ಹುಲಿಗೆವ್ವ ಸದ್ದಿಲ್ಲದೆ ಗಂಜಿಯ ಬಟ್ಟಲು ತಂದು ಅಪ್ಪನ ಬಾಯಿಗೆ ಹಿಡಿದಳು. ಮುದುಕ ಪರದೆಯಿಂದ ಕಣ್ಣು ಕೀಳದೆ ಕುಡಿದ.

ಕೊಟ್ರೇಶನಿಗೆ ತಡೆಯಲಾಗಲಿಲ್ಲ. ದಡಕ್ಕನೆ ಎದ್ದು ನಿಂತ.

"ಅಜ್ಜಾರ! ಅಲ್ಲಿ ಸುಳಿ ಐತಿ ಅಂತ ಅಂವಗ ಹೆಂಗ ಗೊತ್ತಾತ್ರಿ?"

ಅಜ್ಜಾರು ತಿರುಗಿ ನೋಡಲಿಲ್ಲ. ಅವರ ಎರಡೂ ಕೈ ಚಾಪೆಯ ಅಂಚನ್ನು ಹರಿಗೋಲಿನ ಅಂಚಿನ ಹಾಗೆ ಬಿಗಿಯಾಗಿ ಹಿಡಿದಿದ್ದವು.

"ನಡುಹೊಳ್ಯಾಗ ಅದೀವಿ" ಎಂದರು. "ಕುಂದ್ರು."