ಹನ್ನೊಂದನೆಯವನ ಕತ್ತು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಯುದ್ಧದಲ್ಲಿ ಮಡಿದ ನನ್ನ ಅಣ್ಣ ವೀರಸ್ವರ್ಗ ಸೇರಿದ್ದಾನೆ. ಆದರೂ ನನ್ನ ತಾಯಿ ಅವನಿಗಾಗಿ ಹಂಬಲಿಸುವುದನ್ನು ಬಿಟ್ಟಿಲ್ಲ. ಇದು ಅಜ್ಞಾನವಲ್ಲವೇ?"

ಗುರುಗಳು ಈ ಕತೆ ಹೇಳಿದರು.

ಒಂದು ಊರಿತ್ತು. ಅಲ್ಲಿನ ಗಂಡಸರು ಹುಲಿ ಅಡ್ಡ ಬಂದರೆ ಕಿವಿ ಹಿಂಡಿ, ಬುದ್ಧಿ ಹೇಳಿ ಕಳಿಸುವಂಥವರು. ಅಂಥ ಹನ್ನೊಂದು ಜನ ರಾಜನ ಕರೆಗೆ ಓಗೊಟ್ಟು ಹೋದರು. ಒಬ್ಬನೂ ಮರಳಲಿಲ್ಲ. ಅವರಿಗೊಂದು ವೀರಗಲ್ಲು ನಿಲ್ಲಿಸಬೇಕೆಂದು ಊರು ನಿಶ್ಚಯಿಸಿತು. ಆದರೆ ಊರಿಗಿದ್ದ ಒಬ್ಬನೇ ಕಲ್ಲುಕುಟಿಗನೂ ಆ ಹನ್ನೊಂದರಲ್ಲಿ ಒಬ್ಬ.

"ಪರವೂರಿನವನು ನಮ್ಮ ಹುಡುಗರ ಮುಖ ಕಂಡಿದ್ದಾನೆಯೇ? ನಾವೇ ಕೆತ್ತೋಣ" ಎಂದ ಊರಗೌಡ. ಅವನ ಮಗನೂ ಹೋದವನೇ.

ಎಂಟು ಆನೆ ಎಳೆದರೂ ಜಗ್ಗದ ಬಂಡೆ ಅದು. ಮುದುಕರೂ ಹೆಂಗಸರೂ ಸೇರಿ ಮೂರೇ ಹಗಲಿನಲ್ಲಿ ಉರುಳಿಸಿ ತಂದರು. ಕಲ್ಲುಕುಟಿಗನ ಹೆಂಡತಿ ಗಂಡನ ಉಳಿಗಳನ್ನು ಹೊರತೆಗೆದಳು. ಅವಳು ಗಂಡನ ಪಕ್ಕದಲ್ಲಿ ಕೂತು ಉಳಿ ಕಾಯಿಸುವ ಕುಲುಮೆಯ ತಿದಿ ಒತ್ತಿದವಳು, ನೋಡಿ ನೋಡಿಯೇ ಕೆಲಸ ಕಲಿತವಳು. ಉಳಿ ಹಿಡಿಯುವುದನ್ನು ಊರಿಗೆಲ್ಲ ಅವಳೇ ತೋರಿಸಿಕೊಟ್ಟಳು.

ಕೆಳಗಿನ ಸಾಲಿನಲ್ಲಿ ಯುದ್ಧ. ಪ್ರತಿ ಮನೆಯವರೂ ತಮ್ಮವನನ್ನು ತಾವೇ ಕೆತ್ತಿದರು. ಒಬ್ಬನ ಕುದುರೆ ಕತ್ತೆಯಾಯಿತು. ಗೌಡ ಕೆತ್ತಿದ ಕತ್ತಿ ಸೌಟಾಯಿತು.

"ಗೌಡ್ರೇ, ನಿಮ್ಮ ಮಗ ಹೋದದ್ದು ಯುದ್ಧಕ್ಕೋ, ಮದುವೆಮನೆ ಅಡುಗೆಗೋ?" ಎಂದಳು ಒಬ್ಬ ಮುದುಕಿ. ಎಷ್ಟೋ ದಿನದ ಮೇಲೆ ಊರು ನಕ್ಕಿತು.

ಮೇಲಿನ ಸಾಲಿನಲ್ಲಿ ಅಪ್ಸರೆಯರು ವೀರರ ತೋಳು ಹಿಡಿದು ಸ್ವರ್ಗಕ್ಕೆ ಒಯ್ಯಬೇಕು. ಅದು ನಾಜೂಕಿನ ಕೆಲಸ, ಕಲ್ಲುಕುಟಿಗನ ಹೆಂಡತಿಗೇ ಬಿಟ್ಟರು. ಹತ್ತು ಜನರನ್ನು ಅವಳು ಹತ್ತು ದಿನದಲ್ಲಿ ಮೇಲೇರಿಸಿದಳು. ಹತ್ತು ಮುಖಗಳೂ ಆಕಾಶ ನೋಡುತ್ತಿದ್ದವು. ತನ್ನ ಗಂಡನ ಸರದಿ ಬಂದಾಗ ಕೈ ನಿಂತಿತು. ಕೆತ್ತದಿದ್ದರೆ ಅವನಿಗೆ ಸದ್ಗತಿಯಿಲ್ಲ. ಕೆತ್ತಿದರೆ ಅವನನ್ನು ತನ್ನ ಕೈಯಾರೆ ಕಳಿಸಿಕೊಟ್ಟಂತೆ. ಒಂದು ತಿಂಗಳು ಬರೀ ಉಳಿ ಮಸೆದಳು. ಗೇಣುದ್ದದ ಉಳಿ ಬೆರಳುದ್ದವಾಯಿತು.

ಕೊನೆಗೊಂದು ದಿನ ಕೆತ್ತಿದಳು. ಅಪ್ಸರೆಯರು ಅವನ ತೋಳು ಹಿಡಿದಿದ್ದರು. ಕತ್ತು ಮಾತ್ರ ಕೆಳಗೆ, ಊರಿನ ಕಡೆಗೆ ತಿರುಗಿತ್ತು.

ಗೌಡನಿಗೆ ಸಿಟ್ಟು ಬಂತು. "ಏನಮ್ಮಾ ಇದು? ಸ್ವರ್ಗಕ್ಕೆ ಹೋಗುವವನು ಹಿಂದಕ್ಕೆ ನೋಡಬಾರದು. ನೋಡಿದರೆ ಬೀಳುತ್ತಾನೆ."

"ಬೀಳಲಿ ಗೌಡ್ರೇ. ಬಿದ್ದರೆ ನಮ್ಮೂರಲ್ಲೇ ತಾನೇ ಬೀಳುವುದು?"

ಗೌಡ ಹೊರಟುಹೋದ. ಮರುದಿನ ಬೆಳಗ್ಗೆ ಒಬ್ಬನೇ ಬಂದ. ಆಕಾಶ ನೋಡುತ್ತಿದ್ದ ಮಗನ ಮುಖದ ಮೇಲೆ ಕೈಯಾಡಿಸಿದ.

"ತಾಯೀ, ಇವನ ಕತ್ತನ್ನೂ ಒಂಚೂರು ಈ ಕಡೆಗೆ ತಿರುಗಿಸಲಾಗದೇ?"

ಒಮ್ಮೆ ಕಡೆದ ಕಲ್ಲನ್ನು ಮತ್ತೆ ತುಂಬಲಾಗದು. ಅವಳು ಸೆರಗಿನ ತುದಿಯಿಂದ ಆ ಹುಡುಗನ ಕೆನ್ನೆಯ ಮೇಲಿದ್ದ ಕಲ್ಲುಪುಡಿ ಒರೆಸಿದಳು.

ಗುರುಗಳು ಕತೆಯನ್ನು ಅಲ್ಲಿಗೇ ಮುಗಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಆ ಕಲ್ಲುಕುಟಿಗ ಸ್ವರ್ಗ ಸೇರಲೇ ಇಲ್ಲವೇ?"

ಗುರುಗಳೆಂದರು: "ಸ್ವರ್ಗದಲ್ಲಿ ಎಲ್ಲವೂ ಉಂಟು ಮಗು, ದಾರಿ ಕಾಯುವವರು ಮಾತ್ರ ಇಲ್ಲ."